ಹಂಟಿಂಗ್ಟನ್ ಲೈಬ್ರರಿ: ಕಾಫಿ ತೋಟದಲ್ಲಿ ಕುಳಿತ ಓದುಗನ ವಿಮರ್ಶೆ

ಮಕ್ಕಳು ಅಮೆರಿಕದಲ್ಲಿರುವ ಮನೆಗಳು ಈಗ ಕೊಡಗಿನ ಪ್ರತಿ ಊರಿನಲ್ಲೂ ನಾಲ್ಕಾರು ಸಿಗುತ್ತವೆ. ಅಲ್ಲಿಗೆ ಹೋಗಿಬಂದ ತಂದೆತಾಯಂದಿರು ನೋಡಿಬಂದೆವೆಂದು ಹೇಳುವ ಜಾಗಗಳ ಪಟ್ಟಿಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಸೇರದ ಒಂದು ಜಾಗದ ಬಗ್ಗೆ, ಮತ್ತು ಅಲ್ಲಿಗೆ ಹೋಗದೆಯೂ ಮನೆಯಲ್ಲೇ ಕುಳಿತು ಅದರಿಂದ ಪಡೆಯಬಹುದಾದ ಸೇವೆಯ ಬಗ್ಗೆ ಬರೆಯಬೇಕೆಂದುಕೊಂಡು ಬಹಳ ದಿನವಾಯಿತು. ಲಾಸ್ ಏಂಜಲೀಸ್ ಪಕ್ಕದ ಸ್ಯಾನ್ ಮರೀನೊ ಎಂಬ ಸಣ್ಣ ಊರಿನಲ್ಲಿರುವ ಹಂಟಿಂಗ್ಟನ್ ಲೈಬ್ರರಿ ಅದು. 2019ರ ಏಪ್ರಿಲ್‌ನಲ್ಲಿ ಒಮ್ಮೆ ಅಲ್ಲಿಗೆ ಹೋಗಿ ಬಂದೆ. ಆಮೇಲಿನ ವರ್ಷಗಳಲ್ಲಿ ಅದರ ಡಿಜಿಟಲ್ ಸಂಗ್ರಹವನ್ನು ಸಿದ್ದಾಪುರದ ಹತ್ತಿರದ ನಮ್ಮ ಮನೆಯಿಂದಲೇ ಬಳಸುತ್ತಿದ್ದೇನೆ. ನಾನು ವಿದ್ವಾಂಸನಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾಗಿ, ಹಿರಿಯರು ಬಿಟ್ಟುಹೋದ ಏಳು ಎಕರೆ ಕಾಫಿಯನ್ನು ನೋಡಿಕೊಂಡಿರುವವನು. ಸಿರಿವಂತನೊಬ್ಬ ಕೂಡಿಟ್ಟ ಪುಸ್ತಕಗಳಿಂದ ಇಂಥವನಿಗೆ ಏನು ದಕ್ಕುತ್ತದೆ ಎಂಬುದಷ್ಟೇ ಈ ವಿಮರ್ಶೆಯ ಪ್ರಶ್ನೆ.

ಹೂಮಳೆ ಬಿದ್ದು, ಕಾಫಿ ಹೂವು ಅರಳಿ ಕಂದಿದ ವಾರದಲ್ಲಿ ತೋಟವನ್ನು ಅದರ ಲೆಕ್ಕ, ಉಸ್ತುವಾರಿ ನೋಡುವ ರೈಟರಿಗೆ ಒಪ್ಪಿಸಿ ಊರು ಬಿಟ್ಟಿದ್ದೆ. ಸ್ಯಾನ್ ಮರೀನೊದಲ್ಲಿ ಕಾರಿನ ಬಾಗಿಲು ತೆರೆದೊಡನೆ ಮೂಗಿಗೆ ಬಂದದ್ದು ಕಿತ್ತಳೆ ಹೂವಿನ ಪರಿಮಳ. ನಾನು ಹುಡುಗನಾಗಿದ್ದಾಗ ನಮ್ಮ ಕಾಫಿಯ ನಡುವೆ ಕಿತ್ತಳೆ ಗಿಡಗಳಿಗೆ ಲೆಕ್ಕವಿರಲಿಲ್ಲ. ರೋಗ ಬಿದ್ದು ಒಂದೊಂದಾಗಿ ಒಣಗಿ ಈಗ ಬೇಲಿಯ ಬದಿಯಲ್ಲಿ ಮೂರು ಉಳಿದಿವೆ. “ಪುಸ್ತಕ ತೋರಿಸುತ್ತೇನೆ ಅಂತ ಹೇಳಿ ಮತ್ತೆ ತೋಟಕ್ಕೇ ತಂದು ನಿಲ್ಲಿಸಿದೆಯಲ್ಲ ಮಗಳೇ” ಎಂದೆ. “ಅಪ್ಪಾ, ಇದು ಮೊದಲು ತೋಟವೇ. ಲೈಬ್ರರಿ ಆಮೇಲೆ ಬಂದದ್ದು” ಎಂದಳು. ಅವಳ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ.

ಹೆನ್ರಿ ಎಡ್ವರ್ಡ್ಸ್ ಹಂಟಿಂಗ್ಟನ್ 1850ರಲ್ಲಿ ನ್ಯೂಯಾರ್ಕ್ ರಾಜ್ಯದ ಒನಿಯೊಂಟಾದಲ್ಲಿ ಹುಟ್ಟಿದವರು. ಅವರ ಚಿಕ್ಕಪ್ಪ ಕಾಲಿಸ್ ಹಂಟಿಂಗ್ಟನ್ ಅಮೆರಿಕವನ್ನು ಅಡ್ಡಲಾಗಿ ದಾಟುವ ಮೊದಲ ರೈಲುಹಾದಿಯ ಪಶ್ಚಿಮ ಭಾಗವನ್ನು ಕಟ್ಟಿಸಿದ ನಾಲ್ವರು ದೊಡ್ಡ ಕುಳಗಳಲ್ಲಿ ಒಬ್ಬರು. 1900ರಲ್ಲಿ ಚಿಕ್ಕಪ್ಪ ತೀರಿಕೊಂಡಾಗ ಆಸ್ತಿಯ ಒಂದು ದೊಡ್ಡ ಪಾಲು ಹೆನ್ರಿಗೆ ಬಂತು. 1901ರಲ್ಲಿ ಅವರು ಪೆಸಿಫಿಕ್ ಎಲೆಕ್ಟ್ರಿಕ್ ಎಂಬ ಟ್ರಾಂ ಕಂಪನಿಯನ್ನು ಹುಟ್ಟುಹಾಕಿ, ಲಾಸ್ ಏಂಜಲೀಸ್ ಸುತ್ತಲಿನ ಖಾಲಿ ಬಯಲುಗಳಿಗೆ ಹಳಿ ಹಾಕಿದರು. ಹಳಿ ಹೋಗುವ ಕಡೆ ಮೊದಲೇ ಜಮೀನು ಕೊಂಡಿಟ್ಟು, ಟ್ರಾಂ ಬಂದ ಮೇಲೆ ಸೈಟು ಮಾಡಿ ಮಾರಿದರು. ನಿಜವಾದ ಲಾಭ ಬಂದದ್ದು ಟಿಕೆಟ್ಟಿನಿಂದಲ್ಲ, ನೆಲದಿಂದ. 1903ರಲ್ಲಿ ಹಳಿ ಹಾಕುತ್ತಿದ್ದ ಮೆಕ್ಸಿಕನ್ ಕೂಲಿಕಾರರು ಹೆಚ್ಚಿನ ಕೂಲಿ ಕೇಳಿ ಮುಷ್ಕರ ಹೂಡಿದಾಗ ಕಂಪನಿ ಅದನ್ನು ಮುರಿದುಹಾಕಿತು. ಸ್ಯಾನ್ ಮರೀನೊದ ಈ ತೋಟವನ್ನು ಅವರು ಕೊಂಡದ್ದೂ ಅದೇ 1903ರಲ್ಲಿ. ಎರಡನ್ನೂ ಒಟ್ಟಿಗೇ ನೆನಪಿಟ್ಟುಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ತೋಟಗಳ ನಾಡಿನಲ್ಲಿ ಹುಟ್ಟಿದ ನಮಗೆ ಈ ಲೆಕ್ಕ ಹೊಸದೇನಲ್ಲ. 1913ರಲ್ಲಿ ಹೆನ್ರಿ ಮದುವೆಯಾದದ್ದು ಅದೇ ಚಿಕ್ಕಪ್ಪನ ವಿಧವೆ ಅರಬೆಲ್ಲಾ ಅವರನ್ನು. ಊರು ಮಾತಾಡಿಕೊಂಡಿತು, ಯಾವ ಊರಾದರೂ ಮಾತಾಡಿಕೊಳ್ಳುತ್ತಿತ್ತು.

ಪುಸ್ತಕ ಕೊಳ್ಳುವುದರಲ್ಲಿ ಅವರ ರೀತಿಯೇ ಬೇರೆ. ಅರವತ್ತು ದಾಟಿ, ವ್ಯವಹಾರವನ್ನು ಕಡಿಮೆ ಮಾಡಿಕೊಂಡ ಮೇಲೆ ಅವರು ಒಂದೊಂದೇ ಪುಸ್ತಕ ಹುಡುಕುತ್ತ ಕೂರಲಿಲ್ಲ; ಬೇರೆಯವರು ಜೀವಮಾನವಿಡೀ ಕೂಡಿಸಿದ ಲೈಬ್ರರಿಗಳನ್ನೇ ಇಡಿಯಾಗಿ ಕೊಂಡರು. ಕಾಫಿಯನ್ನು ಮೂಟೆಯ ಲೆಕ್ಕದಲ್ಲಿ ಕೊಳ್ಳುವ ಬದಲು ತೋಟವನ್ನೇ ಕೊಂಡುಬಿಟ್ಟಂತೆ. 1911ರಲ್ಲಿ ರಾಬರ್ಟ್ ಹೋ ಎಂಬವರ ಸಂಗ್ರಹ ಹರಾಜಿಗೆ ಬಂದಾಗ, ಯುರೋಪಿನಲ್ಲಿ ಅಚ್ಚುಮೊಳೆಗಳಿಂದ ಮುದ್ರಿಸಿದ ಮೊದಲ ದೊಡ್ಡ ಪುಸ್ತಕವಾದ ಗುಟೆನ್‌ಬರ್ಗ್ ಬೈಬಲ್ಲಿನ, ಚರ್ಮದ ಹಾಳೆಯ ಮೇಲೆ ಅಚ್ಚಾದ ಪ್ರತಿಗೆ 50,000 ಡಾಲರ್ ಕೊಟ್ಟರು. ಮುದ್ರಿತ ಪುಸ್ತಕವೊಂದಕ್ಕೆ ಅಲ್ಲಿಯವರೆಗೆ ಯಾರೂ ಅಷ್ಟು ಕೊಟ್ಟಿರಲಿಲ್ಲ. ಅದೇ ವರ್ಷ ಚರ್ಚ್ ಎಂಬ ಸಂಗ್ರಾಹಕರ ಲೈಬ್ರರಿ ಪೂರ್ತಿಯಾಗಿ ಬಂತು. ಬೆಂಜಮಿನ್ ಫ್ರಾಂಕ್ಲಿನ್ನರ ಆತ್ಮಕಥೆಯ ಕೈಬರಹ ಅದರಲ್ಲಿತ್ತು. 1917ರಲ್ಲಿ ಇಂಗ್ಲೆಂಡಿನ ಬ್ರಿಜ್‌ವಾಟರ್ ಮನೆತನದ ಗ್ರಂಥಭಂಡಾರವನ್ನು ಹತ್ತು ಲಕ್ಷ ಡಾಲರಿಗೆ ಕೊಂಡರು. ಎರಡು ಪ್ರತಿ ಬಂದದ್ದನ್ನು ಹರಾಜಿಗೆ ಹಾಕಿ, ಚೆನ್ನಾಗಿರುವುದನ್ನು ಉಳಿಸಿಕೊಂಡರು. ಹಳೆಯ ಮನೆತನಗಳ ಪುಸ್ತಕಗಳು ಹೀಗೆ ಹಡಗು ಹತ್ತಿ ಹೋದದ್ದಕ್ಕೆ ಇಂಗ್ಲೆಂಡಿನಲ್ಲಿ ಹಲವರು ಕೊರಗಿದರು. ಊರೂರಿನಿಂದ ಬಂದವನ್ನೆಲ್ಲ ತಮ್ಮ ವಸ್ತುಸಂಗ್ರಹಾಲಯಗಳಲ್ಲಿ ತುಂಬಿಕೊಂಡಿದ್ದ ದೇಶ ಹೀಗೆ ಕೊರಗಿದ್ದನ್ನು ಓದಿದಾಗ ನನಗೆ ಸ್ವಲ್ಪ ನಗು ಬಂದದ್ದು ಸುಳ್ಳಲ್ಲ.

ಇಷ್ಟೇ ಆಗಿದ್ದರೆ ಹಂಟಿಂಗ್ಟನ್ ಒಬ್ಬ ಹಣವಂತ ಗಿರಾಕಿ, ಅಷ್ಟೇ. ಅವರನ್ನು ಬೇರೆಯಾಗಿ ನಿಲ್ಲಿಸುವುದು 1919ರಲ್ಲಿ ಬರೆಸಿದ ಟ್ರಸ್ಟ್ ಪತ್ರ. ತಾವು ಬದುಕಿರುವಾಗಲೇ ಪುಸ್ತಕ, ಚಿತ್ರಗಳು, ಮನೆ, ತೋಟ ಇವನ್ನೆಲ್ಲ ಸಂಶೋಧನೆಗೂ ಸಾರ್ವಜನಿಕರಿಗೂ ಎಂದು ಬರೆದುಕೊಟ್ಟರು. ನಡೆಸಿಕೊಂಡು ಹೋಗುವುದಕ್ಕೆ ಬೇಕಾದ ಹಣವನ್ನೂ ಜೊತೆಗೆ ಇಟ್ಟರು. ಮೈರನ್ ಹಂಟ್ ಎಂಬ ವಾಸ್ತುಶಿಲ್ಪಿ ಲೈಬ್ರರಿಯ ಕಟ್ಟಡ ಕಟ್ಟಿದರು. ನ್ಯೂಯಾರ್ಕಿನಲ್ಲಿದ್ದ ಪುಸ್ತಕಗಳು 1920ರಲ್ಲಿ ಅಲ್ಲಿಗೆ ಬಂದವು. ಹಂಟಿಂಗ್ಟನ್ 1927ರ ಮೇ ತಿಂಗಳಲ್ಲಿ ತೀರಿಕೊಂಡರು. 1928ರಲ್ಲಿ ಜನರಿಗೆ ಬಾಗಿಲು ತೆರೆಯಿತು. ಈಗ ಅಲ್ಲಿರುವ ಪುಸ್ತಕ, ಕೈಬರಹ, ಫೋಟೋ, ನಕ್ಷೆಗಳನ್ನೆಲ್ಲ ಸೇರಿಸಿದರೆ ಒಂದು ಕೋಟಿ ದಾಟುತ್ತದೆ.

ಹಣ ಇಡುವ ಮಾತು ಸಣ್ಣದಲ್ಲ. ನಮ್ಮ ಕಡೆಯ ಒಂದು ಸಂಸ್ಥೆಯ ಗ್ರಂಥಾಲಯದಲ್ಲಿ ಹಳೆಯ ಕೊಡಗಿನ ಕಂದಾಯದ ಪುಸ್ತಕವೊಂದನ್ನು ನೋಡಲು ನಾನು ಮೂರು ಸಲ ಬಸ್ಸು ಹತ್ತಿದ್ದೇನೆ. ಮೊದಲ ಸಲ ಬೀರುವಿನ ಕೀಲಿಕೈ ಇಟ್ಟುಕೊಂಡವರು ರಜೆಯಲ್ಲಿದ್ದರು. ಎರಡನೆಯ ಸಲ ಕೀಲಿಕೈ ಇತ್ತು, ಕರೆಂಟ್ ಇರಲಿಲ್ಲ. ಮೂರನೆಯ ಸಲ ಎರಡೂ ಇದ್ದು ಪುಸ್ತಕವಿರಲಿಲ್ಲ. ದಾನ ಕೊಟ್ಟವರ ಹೆಸರು ಮಾತ್ರ ಅಮೃತಶಿಲೆಯ ಮೇಲೆ ಸ್ಪಷ್ಟವಾಗಿತ್ತು. ಪುಸ್ತಕ ಕೊಡುವವರು ಸಿಗುತ್ತಾರೆ, ಪುಸ್ತಕ ಕಾಯುವವನ ಸಂಬಳ ಕೊಡುವವರು ಸಿಗುವುದಿಲ್ಲ. ಹಣವಿಲ್ಲದೆಯೂ ಇದನ್ನು ಮಾಡಿದವರು ನಮ್ಮಲ್ಲಿ ಇದ್ದಾರೆ: ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ‘ಪುಸ್ತಕ ಮನೆ’ ಕಟ್ಟಿದ ಅಂಕೇಗೌಡರು ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಸಂಬಳದಿಂದಲೇ ಆರಂಭಿಸಿ, ಮೈಸೂರಿನ ಸ್ವಂತ ಸ್ವತ್ತನ್ನೂ ಮಾರಿ ಲಕ್ಷಗಟ್ಟಲೆ ಪುಸ್ತಕ ಸೇರಿಸಿದರು. ಹಂಟಿಂಗ್ಟನ್ನರನ್ನು ಹೊಗಳುವಾಗ ಆ ತೂಕವೂ ನಮ್ಮ ತಕ್ಕಡಿಯಲ್ಲಿರಬೇಕು.

ಈಗ ನೇರವಾಗಿ ಸೇವೆಯ ವಿಷಯ. ಹೋಗಿ ನೋಡುವವರಿಗೆ: ಮಂಗಳವಾರ ರಜೆ. ಟಿಕೆಟ್ ದರವನ್ನು ರೂಪಾಯಿಗೆ ಪರಿವರ್ತಿಸಿದರೆ ಎದೆ ಧಸಕ್ಕೆನ್ನುತ್ತದೆ; ಪರಿವರ್ತಿಸಬಾರದು. ಪ್ರತಿ ತಿಂಗಳ ಮೊದಲ ಗುರುವಾರ ಪ್ರವೇಶ ಉಚಿತ, ಆದರೆ ಮುಂಗಡವಾಗಿ ಕಾಯ್ದಿರಿಸಿರಬೇಕು. ಒಟ್ಟು 207 ಎಕರೆ ಜಾಗ. ಮರುಭೂಮಿಯ ಕಳ್ಳಿಗಳ ತೋಟ, ಜಪಾನಿ ತೋಟ, ಗುಲಾಬಿ ತೋಟ ಎಂದು ನೋಡುತ್ತ ಹೋದರೆ ಲೈಬ್ರರಿಯ ಕಟ್ಟಡ ತಲುಪುವ ಹೊತ್ತಿಗೆ ಕಾಲು ಸೋತಿರುತ್ತದೆ. ನನ್ನ ಸಲಹೆಯೆಂದರೆ ಮೊದಲು ಪುಸ್ತಕ, ಆಮೇಲೆ ಗಿಡ. ತೋಟದ ಬಗ್ಗೆ ಒಂದೇ ಮಾತು ಹೇಳಿ ಮುಗಿಸುತ್ತೇನೆ. ಹಂಟಿಂಗ್ಟನ್ ಲಾಸ್ ಏಂಜಲೀಸಿನ ಕ್ಲಬ್ಬೊಂದರಲ್ಲಿ ಬೆಣ್ಣೆಹಣ್ಣು ತಿಂದು, ಬೀಜವನ್ನು ಮನೆಗೆ ತಂದು ತಮ್ಮ ತೋಟಗಾರ ವಿಲಿಯಂ ಹರ್ಟ್‌ರಿಚ್ ಕೈಗೆ ಕೊಟ್ಟರಂತೆ. ದಕ್ಷಿಣ ಕ್ಯಾಲಿಫೋರ್ನಿಯಾದ ಮೊದಲ ವಾಣಿಜ್ಯ ಬೆಣ್ಣೆಹಣ್ಣಿನ ತೋಟ ಹಾಗೆ ಎದ್ದಿತೆಂದು ಅಲ್ಲಿ ಹೇಳುತ್ತಾರೆ. ನೆಂಟರ ಮನೆಯಲ್ಲಿ ತಿಂದ ಹಣ್ಣಿನ ಬೀಜವನ್ನು ಕರವಸ್ತ್ರದಲ್ಲಿ ಕಟ್ಟಿ ತರುವ ನಮ್ಮ ಜನಕ್ಕೆ ಈ ಮನುಷ್ಯ ಇಷ್ಟವಾಗುವುದಕ್ಕೆ ಅಷ್ಟು ಸಾಕು.

ನಾನು ಹೋದಾಗ ಪ್ರದರ್ಶನದ ಕೋಣೆಯಲ್ಲಿ ಬೆಳಕು ಮಂದವಾಗಿತ್ತು. ಕಣ್ಣು ಹೊಂದಿಕೊಂಡ ಮೇಲೆ ಗಾಜಿನೊಳಗಿನ ಗುಟೆನ್‌ಬರ್ಗ್ ಬೈಬಲ್ ಕಾಣಿಸಿತು. 1455ರ ಸುಮಾರಿಗೆ ಜರ್ಮನಿಯ ಮೈಂಜ್ ನಗರದಲ್ಲಿ ಅಚ್ಚಾದದ್ದು. ಪುಟಕ್ಕೆ 42 ಸಾಲು, ಎರಡು ಕಂಬಸಾಲಿನಲ್ಲಿ. ಕಾಗದದ ಪ್ರತಿಗಳಿಗಿಂತ ಚರ್ಮದ ಪ್ರತಿಗಳು ಬಹಳ ಕಡಿಮೆ ಉಳಿದಿವೆ, ಜಗತ್ತಿನಲ್ಲಿ ಹನ್ನೆರಡರಷ್ಟು. ಮಸಿ ಇಂದು ಬೆಳಿಗ್ಗೆ ಒತ್ತಿದಂತೆ ಕಪ್ಪಾಗಿದೆ. ಆದರೆ ಗಾಜಿನ ಹಿಂದಿನ ಪುಸ್ತಕಕ್ಕೆ ಇರುವುದು ಎರಡೇ ಪುಟ, ಆ ದಿನ ಯಾವುದು ತೆರೆದಿದೆಯೋ ಅದು. ಅದು ದರ್ಶನ, ಓದಲ್ಲ. ಓದುವ ಕೋಣೆ ಬೇರೆ ಇದೆ. ಅದು ಸಂಶೋಧಕರಿಗೆ, ಮೊದಲೇ ನೋಂದಾಯಿಸಿಕೊಂಡು ಕಾರಣ ಹೇಳಿ, ಪೆನ್ನನ್ನು ಹೊರಗಿಟ್ಟು ಪೆನ್ಸಿಲ್ ಹಿಡಿದು ಹೋಗಬೇಕಾದದ್ದು. ಪ್ರವಾಸಿಯಾಗಿ ಹೋದವನಿಗೆ ಅದು ತೆರೆದಿಲ್ಲ. ಇದರಲ್ಲಿ ತಪ್ಪು ಹುಡುಕುವಂತಿಲ್ಲ. ನಮ್ಮ ಮನೆಯ ಕಥೆಯೇ ನನಗೆ ಆ ಬುದ್ಧಿ ಕಲಿಸಿದೆ.

ಅಜ್ಜನ ಕಾಲದ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಮತ್ತು ದಿನಚರಿ ಪುಸ್ತಕಗಳು ಅಡುಗೆಮನೆಯ ಅಟ್ಟದ ಮೇಲಿನ ಮರದ ಪೆಟ್ಟಿಗೆಯಲ್ಲಿದ್ದವು. ಒಲೆಯ ಹೊಗೆ ಹಿಡಿದು ರಟ್ಟು ಕಪ್ಪಾಗಿತ್ತು, ಆದರೆ ಒಳಗಿನ ಒಂದು ಹಾಳೆಯೂ ಕೆಟ್ಟಿರಲಿಲ್ಲ. ಗ್ಯಾಸ್ ಬಂದು ಒಲೆ ಆರಿದ ಮೇಲೆ, ಹೊಗೆಯಲ್ಲಿ ಪುಸ್ತಕ ಇಡಬಾರದೆಂದು ದೊಡ್ಡ ತಿಳಿವಳಿಕೆಯವನಂತೆ ನಾನೇ ಅವನ್ನು ಇಳಿಸಿ ಕಬ್ಬಿಣದ ಬೀರುವಿಗೆ ಸೇರಿಸಿದೆ. ಎರಡು ಮಳೆಗಾಲ ಸಾಕಾಯಿತು. ಹಾಳೆಗಳು ಒಂದಕ್ಕೊಂದು ಅಂಟಿ, ಬೂಷ್ಟು ಹಿಡಿದು, ಹುಳು ಕೊರೆದ ತೂತುಗಳಲ್ಲಿ ಬೆರಳ ತುದಿಗೆ ಹಿಟ್ಟು ಮೆತ್ತುತ್ತಿತ್ತು. ಹಂಟಿಂಗ್ಟನ್ ಲೈಬ್ರರಿಗೂ ಹುಳುಗಳ ಕಾಟ ತಪ್ಪಿರಲಿಲ್ಲವೆಂದು ಆಮೇಲೆ ಓದಿದೆ. 1930ರ ದಶಕದಲ್ಲಿ ಅಲ್ಲಿನ ಥಾಮಸ್ ಐಯಮ್ಸ್ ಎಂಬವರು ಗಾಳಿ ಹೊರತೆಗೆದ ಉಕ್ಕಿನ ಕೋಣೆಯಲ್ಲಿ ಪುಸ್ತಕಗಳನ್ನಿಟ್ಟು, ಎಥಿಲೀನ್ ಆಕ್ಸೈಡ್ ಅನಿಲ ಹಾಯಿಸಿ ಹುಳುಗಳನ್ನೂ ಮೊಟ್ಟೆಗಳನ್ನೂ ಕೊಲ್ಲುವ ಏರ್ಪಾಡು ಮಾಡಿದ್ದರು. ಗಾಳಿ ಇದ್ದರೆ ಅನಿಲ ಹಾಳೆಗಳ ನಡುವೆ ನುಗ್ಗುವುದಿಲ್ಲ ಎಂಬುದು ಅದರ ಒಳಗುಟ್ಟು. ಸ್ಥಾಪಕರು ಇಟ್ಟುಹೋದ ಹಣ ಇಂಥ ಕಣ್ಣಿಗೆ ಕಾಣದ ಕೆಲಸಕ್ಕೆ ಆಗುತ್ತದೆ.

ನಾನು ನಿಜವಾಗಿ ಅಂಕ ಕೊಡುವುದು ಡಿಜಿಟಲ್ ಲೈಬ್ರರಿಗೆ. ಹೆಸರು ನೋಂದಾಯಿಸಬೇಕಿಲ್ಲ, ಹಣ ಕೊಡಬೇಕಿಲ್ಲ. ಹಳೆಯ ಕೈಬರಹ, ನಕ್ಷೆ, ಫೋಟೋಗಳನ್ನು ತೆರೆದು, ಅಕ್ಷರದ ಅಂಚು ಕಾಣುವಷ್ಟು ಹಿಗ್ಗಿಸಿ ನೋಡಬಹುದು, ಇಳಿಸಿಕೊಳ್ಳಬಹುದು; ಹಕ್ಕುಸ್ವಾಮ್ಯದ ಅವಧಿ ಮುಗಿದ ಚಿತ್ರಗಳನ್ನು ಬಳಸುವುದಕ್ಕೆ ಶುಲ್ಕವೂ ಇಲ್ಲ. ಲಾಸ್ ಏಂಜಲೀಸ್ ಕಡೆಗೆ ವಿದ್ಯುತ್ ಬಂದ ಕಾಲದ ಸುಮಾರು 70,000 ಫೋಟೋಗಳ ಸಂಗ್ರಹವೊಂದಿದೆ; ಕಂಬ, ತಂತಿ, ಅಣೆಕಟ್ಟು, ಅಂಗಡಿಯ ಕಿಟಕಿಗಳನ್ನು ನೋಡುತ್ತ ಒಂದು ಆಟಿ ತಿಂಗಳೇ ಕಳೆದುಹೋಯಿತು. ಆದರೆ ನಾನು ಮತ್ತೆ ಮತ್ತೆ ಮರಳಿದ್ದು ಒಂದೇ ಪುಸ್ತಕಕ್ಕೆ: ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕವಿ ಚಾಸರನ ಕ್ಯಾಂಟರ್ಬರಿ ಕಥೆಗಳ, ಅಂದರೆ ಒಟ್ಟಿಗೆ ಯಾತ್ರೆ ಹೊರಟವರು ಹೇಳುವ ಕಥೆಗಳ, ಎಲ್ಸ್‌ಮಿಯರ್ ಎಂಬ ಹೆಸರಿನ ಕೈಬರಹ. ಹತ್ತು ಲಕ್ಷ ಡಾಲರಿನ ಬ್ರಿಜ್‌ವಾಟರ್ ಭಂಡಾರದ ಜೊತೆ ಬಂದದ್ದು ಇದೇ. ಚಾಸರ್ ತೀರಿಕೊಂಡ 1400ರ ನಂತರದ ಕೆಲವೇ ವರ್ಷಗಳಲ್ಲಿ ಬರೆದದ್ದು. ಹುಡುಕುವವರಿಗೆ ಬೇಕಾಗುವ ಸಂಖ್ಯೆ ಇಎಲ್ 26 ಸಿ 9.

ಕಾಲೇಜಿನಲ್ಲಿ ಚಾಸರನನ್ನು ಗೈಡ್ ಪುಸ್ತಕದಿಂದ ಓದಿ ಪಾಸಾದವನು ನಾನು. ಮೂಲ ಪುಟವನ್ನು ಪರದೆಯ ಮೇಲೆ ಕಂಡಾಗ ಆದ ಸಂಕೋಚವನ್ನು ಏನೆಂದು ಹೇಳಲಿ. ಚಿನ್ನದ ಅಂಚು, ಬಳ್ಳಿ, ಎಲೆ. ಅವುಗಳ ನಡುವೆ ಗೆರೆ ಎಳೆದು ಬರೆದ ಕಂದು ಮಸಿಯ ಸಾಲುಗಳು. ಪ್ರತಿ ಕಥೆ ಶುರುವಾಗುವಲ್ಲಿ, ಆ ಕಥೆ ಹೇಳುವವರ ಚಿತ್ರ ಅಂಚಿನಲ್ಲಿದೆ. ಒಟ್ಟು 23 ಜನ, ಎಲ್ಲರೂ ಕುದುರೆ ಏರಿದವರು. ಹಿಟ್ಟಿನ ಗಿರಣಿಯವನು ಚೀಲದ ಕೊಳಲು ಊದುತ್ತಿದ್ದಾನೆ. ಅಡುಗೆಯವನ ಮೊಣಕಾಲ ಕೆಳಗೆ ಹುಣ್ಣಿಗೆ ಬಟ್ಟೆ ಕಟ್ಟಿದೆ, ಹಿಗ್ಗಿಸಿದರೆ ಪಟ್ಟಿಯ ಸುತ್ತುಗಳೂ ಕಾಣುತ್ತವೆ. ಸ್ವತಃ ಚಾಸರನ ದೇಹ ದೊಡ್ಡದು, ಕುದುರೆ ಕರುವಿನಷ್ಟು ಸಣ್ಣದು. ಕೈ ಮಾತ್ರ ಪಕ್ಕದ ಬರಹದ ಕಡೆಗೆ ತೋರಿಸುತ್ತಿದೆ. ಗಾಜಿನ ಪೆಟ್ಟಿಗೆಯ ಮುಂದೆ ಹಿಂದಿನವರು ತಳ್ಳುತ್ತಿರುವಾಗ ಇದ್ಯಾವುದೂ ಕಾಣಿಸುವುದಿಲ್ಲ. ಹದಿಮೂರು ಸಾವಿರ ಕಿಲೋಮೀಟರಿಗೂ ದೂರದ ಮನೆಯಲ್ಲಿ, ಇನ್ವರ್ಟರ್ ಕೂಗುವ ಮೊದಲು ಇನ್ನೆರಡು ಪುಟ ನೋಡಿಬಿಡೋಣವೆಂದು ಕುಳಿತಾಗ ಕಾಣಿಸಿತು.

ಕೊರತೆಯೂ ಇದೆ. ಹಳೆಯ ಲಿಪಿಯನ್ನು ಓದಲು ಪಕ್ಕದಲ್ಲಿ ಅಚ್ಚಾದ ಪುಸ್ತಕವೊಂದನ್ನು ನೀವೇ ಇಟ್ಟುಕೊಳ್ಳಬೇಕು. ಚಿತ್ರ ಬರುತ್ತದೆ, ವಿವರಣೆ ಬರುವುದಿಲ್ಲ. ಎಲ್ಲವೂ ಡಿಜಿಟಲ್ ಆಗಿಲ್ಲ. ಕೋಟಿಯ ಲೆಕ್ಕದಲ್ಲಿ ಪರದೆಗೆ ಬಂದಿರುವುದು ಒಂದು ಮೂಲೆ. ದೊಡ್ಡ ಚಿತ್ರಗಳು ನಮ್ಮ ಮಳೆಗಾಲದ ನೆಟ್‌ವರ್ಕಿಗೆ ಭಾರ. ಪುಟ ಪುಟವಾಗಿ, ರಾತ್ರಿ ಹತ್ತರ ಮೇಲೆ ಇಳಿಸಿಕೊಂಡರೆ ಸಲೀಸು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಆ ನಾಲ್ಕೂವರೆಯಲ್ಲಿ ಅರ್ಧ ಅಂಕ 1991ರ ಒಂದು ಘಟನೆಗೆ. ಮೃತ ಸಮುದ್ರದ ದಡದ ಗುಹೆಗಳಲ್ಲಿ 1947ರಿಂದ ಸಿಕ್ಕ ಪ್ರಾಚೀನ ಸುರುಳಿಗಳಲ್ಲಿ ಇನ್ನೂ ಪ್ರಕಟವಾಗದೆ ಉಳಿದಿದ್ದವನ್ನು, ಒಂದು ಸಣ್ಣ ವಿದ್ವಾಂಸರ ಗುಂಪು ಬೇರೆಯವರಿಗೆ ತೋರಿಸದೆ ದಶಕಗಳ ಕಾಲ ತನ್ನ ಬಳಿಯೇ ಇಟ್ಟುಕೊಂಡಿತ್ತು. ಅವುಗಳ ಫೋಟೋಗಳ ಒಂದು ಪ್ರತಿ ಹಂಟಿಂಗ್ಟನ್ ಲೈಬ್ರರಿಯ ಭದ್ರಕೋಣೆಗೆ ಬಂದು ಸೇರಿತ್ತು. ಆಗ ಲೈಬ್ರರಿಯ ಮುಖ್ಯಸ್ಥರಾಗಿದ್ದ ವಿಲಿಯಂ ಮಾಫೆಟ್, ಕೇಳಿದ ಯಾವ ಸಂಶೋಧಕರಿಗಾದರೂ ಆ ಫೋಟೋಗಳನ್ನು ಕೊಡುವುದಾಗಿ ಆ ವರ್ಷದ ಸೆಪ್ಟೆಂಬರಿನಲ್ಲಿ ಸಾರಿದರು. ಬೆದರಿಕೆಯ ಮಾತುಗಳು ಬಂದವು. ಕೆಲವೇ ವಾರಗಳಲ್ಲಿ ಇಸ್ರೇಲಿನ ಅಧಿಕಾರಿಗಳೂ ನಿರ್ಬಂಧ ಸಡಿಲಿಸಿದರು. ಸ್ಥಾಪಕರು ತೀರಿಕೊಂಡು ಅರವತ್ತು ವರ್ಷ ದಾಟಿದ ಮೇಲೂ ಟ್ರಸ್ಟ್ ಪತ್ರದ ಅಕ್ಷರಗಳಿಗೆ ಜೀವವಿತ್ತೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ.

ಕಳೆದ ಮಳೆಗಾಲ ಸಿದ್ದಾಪುರದ ಜೆರಾಕ್ಸ್ ಅಂಗಡಿಯಲ್ಲಿ ಎಲ್ಸ್‌ಮಿಯರ್ ಕೈಬರಹದ ಒಂದು ಪುಟವನ್ನು ಬಣ್ಣದಲ್ಲಿ ಮುದ್ರಿಸಿಕೊಂಡೆ. ಚಾಸರನದಲ್ಲ, ರೀವ್ ಎಂಬವನ ಕಥೆ ಶುರುವಾಗುವ ಪುಟ. ರೀವ್ ಎಂದರೆ ಒಡೆಯನ ಜಮೀನು ನೋಡಿಕೊಳ್ಳುವವನು. ಕೊಡಗಿನ ರಾಜರ ಕಾಲದ ಮಾತಿನಲ್ಲಿ ಪಾರುಪತ್ಯಗಾರ, ಇಂದಿನ ತೋಟದ ಮಾತಿನಲ್ಲಿ ರೈಟರ್. ಸಪೂರ ಆಳು, ಮುಂಗೋಪಿ. ಮಳೆ ಬಿಸಿಲು ನೋಡಿಯೇ ಈ ವರ್ಷ ಎಷ್ಟು ಧಾನ್ಯ ಬರುತ್ತದೆಂದು ಹೇಳಬಲ್ಲವನು. ಒಡೆಯನ ಕುರಿ, ದನ, ಹಂದಿ, ಕೋಳಿಗಳ ಲೆಕ್ಕವೆಲ್ಲ ಅವನ ಕೈಯಲ್ಲಿ. ಆ ಲೆಕ್ಕದಲ್ಲಿ ಬಾಕಿ ತೋರಿಸಲು ಯಾರಿಗೂ ಆಗಲಿಲ್ಲವೆಂದು ಚಾಸರ್ ಬರೆಯುತ್ತಾನೆ, ತನಗೂ ಸಾಕಷ್ಟು ಮಾಡಿಕೊಂಡಿದ್ದನೆಂದು ಸೇರಿಸುವುದನ್ನೂ ಮರೆಯುವುದಿಲ್ಲ. ಸಂಜೆ ಚೆಕ್‌ರೋಲ್‌ಗೆ ಸಹಿ ಹಾಕಿಸಲು ಬಂದ ನಮ್ಮ ರೈಟರಿಗೆ ಪುಟ ತೋರಿಸಿ, ಬಾಕಿಯ ಮಾತನ್ನು ಹೇಳಿ, ಕೊನೆಯ ಸಾಲನ್ನು ಬಿಟ್ಟು, ಉಳಿದದ್ದನ್ನು ವಿವರಿಸಿದೆ. ಅವರು ಕುದುರೆಯ ಮೇಲಿದ್ದವನನ್ನು ಬಹಳ ಹೊತ್ತು ನೋಡಿದರು.

“ಈ ಯಾತ್ರೆಯಲ್ಲಿ ಇವನು ಯಾವಾಗಲೂ ಎಲ್ಲರಿಗಿಂತ ಹಿಂದೆ ಬರುತ್ತಿದ್ದನಂತೆ, ಯಾಕಿರಬಹುದು?” ಎಂದೆ.

“ಹಿಂದೆ ಇದ್ದರೆ ತಾನೇ ಸಾರ್, ಎಲ್ಲರೂ ಕಣ್ಣಿಗೆ ಬೀಳುವುದು” ಎಂದು ಹೇಳಿ, ಚೆಕ್‌ರೋಲ್ ಮುಂದಿಟ್ಟರು.